ಮಗಳಿಗೊಂದು ಪತ್ರ: ದೂರದ ಪರಿಚಯದವರನ್ನು ಮಾತಾಡಿಸು

ಧಾರವಾಡ

ಪ್ರೀತಿಯ ಮಗಳೇ,

ನಿನ್ನೆ ನೀನು ಕೇಳಿದ್ದಕ್ಕೆ ಫೋನಿನಲ್ಲೇ ಒಂದು ಮಾತು ಹೇಳಿ ಮುಗಿಸಬಹುದಿತ್ತು. ಆದರೆ ಇದು ನಿನ್ನ ಹೊಟ್ಟೆಪಾಡಿನ ವಿಷಯ. ನಿನ್ನನ್ನು ನಂಬಿ ಕಸೂತಿ ಹಾಕುತ್ತಿರುವ ನಮ್ಮ ಓಣಿಯ ಹೆಂಗಸರ ವಿಷಯವೂ ಹೌದು. ಅದಕ್ಕೇ ಬರೆಯುತ್ತಿದ್ದೇನೆ.

ದುಡ್ಡು ಕೊಟ್ಟರೆ ಕಸೂತಿಯ ಸೀರೆ, ಕುಪ್ಪಸ ಮಾರುವ ನಿನ್ನ ಇನ್‌ಸ್ಟಾಗ್ರಾಮ್ ಪೇಜಿಗೆ ಹತ್ತು ಸಾವಿರ ಫಾಲೋವರ್ಸ್ ಮಾಡಿಕೊಡುತ್ತೇನೆ ಅಂತ ಯಾರೋ ಮೆಸೇಜ್ ಕಳಿಸಿದ್ದಾರೆ, ಕೊಡಲಾ ಅಂತ ಕೇಳಿದೆ. ಬೇಡ. ಹಾಗೆ ಬರುವವು ಹೆಚ್ಚಾಗಿ ಖಾಲಿ ಖಾತೆಗಳು. ಅವು ಸೀರೆ ಉಡುವುದಿಲ್ಲ, ಬೆಲೆ ಕೇಳುವುದಿಲ್ಲ, ಅಕ್ಕನಿಗೋ ಅತ್ತಿಗೆಗೋ ನಿನ್ನ ಹೆಸರು ಹೇಳುವುದಿಲ್ಲ. ಇನ್‌ಸ್ಟಾಗ್ರಾಮ್‌ನವರೇ ಅಂಥ ಖಾತೆಗಳನ್ನು ಆಗಾಗ ಅಳಿಸಿಹಾಕುತ್ತಾರೆ. ಆ ದುಡ್ಡಿಗೆ ಬಣ್ಣ ಬಿಡದ ಒಳ್ಳೆಯ ದಾರ ತಗೋ.

ನಿನಗೆ ಬೇಕಾಗಿರುವುದು ಪರಿಚಯದವರು. ಹತ್ತಿರದ ಗೆಳತಿಯರ ಮಾತಲ್ಲ ಇದು. ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನಲ್ಲಿದ್ದವಳು, ಮೊದಲ ಕೆಲಸದಲ್ಲಿ ಸ್ವಲ್ಪ ದಿನ ನಿನ್ನ ಜೊತೆ ಕೂತವಳು, ಯಾರದೋ ಮದುವೆಯಲ್ಲಿ ನಿನ್ನ ಕುಪ್ಪಸ ನೋಡಿ 'ಎಲ್ಲಿ ಹಾಕಿಸಿದೆ' ಅಂತ ಕೇಳಿದ ಆ ಮೈಸೂರಿನ ಲೆಕ್ಚರರ್. ಇವರೆಲ್ಲರ ನಂಬರ್ ನಿನ್ನ ಫೋನಿನಲ್ಲಿದೆ. ಇವರ ಜೊತೆ ಮಾತಾಡಿ ವರ್ಷಗಳೇ ಆಗಿರಬಹುದು.

ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುವಾಗ ನನಗೆ ತುಂಬಾ ಇಷ್ಟವಾದ ಪಾಠ ಒಂದಿತ್ತು. ಮಾರ್ಕ್ ಗ್ರಾನೊವೆಟರ್ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಬರೆದ ಲೇಖನ. ಬಾಸ್ಟನ್ ಹತ್ತಿರದ ನ್ಯೂಟನ್ ಎಂಬ ಊರಿನಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಅವರು ಕೇಳಿದರು: ಈ ಕೆಲಸದ ಸುದ್ದಿ ತಿಳಿಸಿದವರನ್ನು ಆಗ ಎಷ್ಟು ಸಲ ನೋಡುತ್ತಿದ್ದಿರಿ? ಪರಿಚಯದ ಮೇಲೆ ಕೆಲಸ ಸಿಕ್ಕವರಲ್ಲಿ ನೂರಕ್ಕೆ 17ರಷ್ಟು ಜನ ಮಾತ್ರ 'ಪದೇ ಪದೇ ನೋಡುತ್ತಿದ್ದೆ' ಅಂದರು. ಉಳಿದವರೆಲ್ಲ 'ಆಗೊಮ್ಮೆ ಈಗೊಮ್ಮೆ' ಅಥವಾ 'ಅಪರೂಪಕ್ಕೆ'. ಅಪರೂಪಕ್ಕೆ ಅಂದರೆ ವರ್ಷಕ್ಕೊಮ್ಮೆ, ಇಲ್ಲವೇ ಅದಕ್ಕಿಂತ ಕಡಿಮೆ. ಹಾಗೆ ಹೇಳಿದವರೇ ನೂರಕ್ಕೆ 28ರಷ್ಟಿದ್ದರು.

ಕಾರಣ ಬಹಳ ಸರಳ. ನಿನ್ನ ಹತ್ತಿರದವರಿಗೆ ಗೊತ್ತಿರುವುದೆಲ್ಲ ನಿನಗೂ ಗೊತ್ತು. ನೀವು ಓಡಾಡುವ ಜಾಗ ಒಂದೇ, ಮಾತಾಡಿಸುವ ಜನ ಒಂದೇ. ಹೊಸ ಸುದ್ದಿ, ಹೊಸ ಗಿರಾಕಿ, ಹೊಸ ದಾರಿ ಬರುವುದು ಬೇರೆ ಬಳಗದಲ್ಲಿ ಓಡಾಡುವವರಿಂದ. ಇದು ಇಂಟರ್‌ನೆಟ್ ಇಲ್ಲದ ಕಾಲದ ಮಾತು ಅಂತ ತಳ್ಳಿಹಾಕಬೇಡ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ, ಕೆಲಸದ ಪರಿಚಯಗಳಿಗೆಂದೇ ಇರುವ ಲಿಂಕ್ಡ್‌ಇನ್ ಜಾಲತಾಣ ಬಳಸುವ 2 ಕೋಟಿಗೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನ ಬಂತು. ಅಲ್ಲೂ ಕೆಲಸ ಸಿಗಲು ಜಾಸ್ತಿ ನೆರವಾದದ್ದು ಗಟ್ಟಿ ಸ್ನೇಹವಲ್ಲ. ತೀರಾ ಅಪರಿಚಿತರೂ ಅಲ್ಲದ, ನಡುವಿನ ಪರಿಚಯದವರು.

ನಿನ್ನ ಪೇಜಿಗೆ ಇದನ್ನು ಹಚ್ಚಿ ನೋಡು. ಗೆಳತಿಯರು ಪ್ರೀತಿಯಿಂದ ಒಂದೊಂದು ಕುಪ್ಪಸ ಕೊಂಡರು. ಅಲ್ಲಿಗೆ ಆ ಬಾಗಿಲು ಮುಗಿಯಿತು. ಅವರನ್ನೇ ಮತ್ತೆ ಮತ್ತೆ ಕೇಳಿದರೆ ಸ್ನೇಹಕ್ಕೂ ಭಾರ. ಆ ಮೈಸೂರಿನ ಲೆಕ್ಚರರ್ ಸ್ಟಾಫ್ ರೂಮಿನಲ್ಲಿ ಯಾರ್ಯಾರು ಕೂರುತ್ತಾರೋ ನಿನಗೆ ಗೊತ್ತಿಲ್ಲ. ಅವರಿಗೆ ಗೊತ್ತು.

ಹಾಗಂತ ಎಲ್ಲರಿಗೂ ಒಂದೇ ಮೆಸೇಜ್ ಹೊಡೆಯಬೇಡ. 'ಹಾಯ್, ಹೊಸ ಬಿಸಿನೆಸ್ ಶುರು ಮಾಡಿದ್ದೀನಿ, ಪ್ಲೀಸ್ ಸಪೋರ್ಟ್' ಅಂತ ಬಂದರೆ ನಾನೂ ಓದುವುದಿಲ್ಲ. ಒಬ್ಬೊಬ್ಬರಿಗೆ ಬೇರೆ ಬೇರೆ ಬರಿ. 'ಮೇಡಂ, ಆ ದಿನ ಮದುವೆಯಲ್ಲಿ ನೀವು ಕೇಳಿದ್ದ ಕಸೂತಿ ಇದು. ಹಾಕಿದವರು ಧಾರವಾಡದವರು. ಈಗ ತೇರು, ಗೋಪುರದ ಹೊಸ ನಮೂನೆ ಮಾಡಿದ್ದಾರೆ, ನಿಮಗೆ ಇಷ್ಟವಾಗಬಹುದು ಅನ್ನಿಸಿತು.' ಇಷ್ಟೇ ಸಾಕು. ಕೊಳ್ಳಿ ಅಂತ ಹೇಳುವುದೇ ಬೇಡ. ಬೇಕಾದರೆ ಅವರೇ ಕೇಳುತ್ತಾರೆ. ಬೇಡವಾದರೂ ಬೇಜಾರಾಗುವುದಿಲ್ಲ.

ಕೇಳುವುದಕ್ಕಿಂತ ಮೊದಲು ಕೊಡಬೇಕು ಅನ್ನುವುದನ್ನು ನಾನು ಕಲಿತದ್ದು ನಿನ್ನಜ್ಜಿಯ ಊರಿನಲ್ಲಿ. ಅಲ್ಲಿ ಕಳೆ ತೆಗೆಯುವುದು ಮುಯ್ಯಾಳಿನ ಮೇಲೆಯೇ ನಡೆಯುತ್ತಿತ್ತು. ಇವತ್ತು ನಾವು ಅವರ ಹೊಲಕ್ಕೆ, ನಾಳೆ ಅವರು ನಮ್ಮ ಹೊಲಕ್ಕೆ. ಯಾರ ಹೊಲಕ್ಕೂ ಹೋಗದವರು ಸುಗ್ಗಿಯಲ್ಲಿ ಆಳು ಹುಡುಕಿಕೊಂಡು ಅಲೆಯುತ್ತಿದ್ದರು. ನಿನ್ನ ಫೋನಿನೊಳಗೂ ನಡೆಯುವುದು ಅದೇ ಲೆಕ್ಕ. ಯಾರೋ ಹುಬ್ಬಳ್ಳಿಯಲ್ಲಿ ಒಳ್ಳೆಯ ಟೇಲರ್ ಯಾರು ಅಂತ ಕೇಳಿದರೆ ಉತ್ತರ ಕೊಡು. ಇಳಕಲ್ಲಿನ ನೇಕಾರರು ಸೀರೆಯ ಫೋಟೋ ಹಾಕಿದರೆ ಅವರ ಹೆಸರು ಹೇಳಿ ಹಂಚು. ಅದರಿಂದ ನಿನ್ನ ವ್ಯಾಪಾರ ಕಡಿಮೆ ಆಗುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಜೊತೆಗೆ ಕೆಲಸ ಮಾಡಿದ ಹುಡುಗಿಯ ಬಗ್ಗೆ ನಾಲ್ಕು ಸಾಲು ನಿಜವಾದ ಶಿಫಾರಸು ಬರಿ. ಅವಳು ಕೇಳುವವರೆಗೂ ಕಾಯಬೇಡ.

ಎಲ್ಲಕ್ಕಿಂತ ಹೆಚ್ಚಾಗಿ ನೀನು ಕೊಡಬಹುದಾದದ್ದು ಕಸೂತಿಯ ತಿಳಿವಳಿಕೆ. ನಿನ್ನ ಪೇಜನ್ನು ಮೊದಲಿನಿಂದ ಕೊನೆಯವರೆಗೂ ನೋಡಿದೆ. ಎಲ್ಲಾ ಫೋಟೋ ಚೆನ್ನಾಗಿವೆ. ಆದರೆ ಒಂದರಲ್ಲೂ ಬಟ್ಟೆಯ ಹಿಂಭಾಗ ಇಲ್ಲ! ಕೈಕಸೂತಿಯ ಗುಟ್ಟು ಇರುವುದೇ ಅಲ್ಲಿ. ಗವಂತಿ ಅನ್ನುವ ನೇರ ಗೆರೆಯ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದರ ಜಾಗ ಖಾಲಿ ಬಿಡುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಆ ಖಾಲಿ ಜಾಗ ತುಂಬುತ್ತದೆ. ಗಂಟು ಹಾಕುವಂತಿಲ್ಲ. ಎಳೆ ಎಣಿಸಿಯೇ ಹಾಕಬೇಕು, ಒಂದು ಎಳೆ ತಪ್ಪಿದರೆ ಗೋಪುರ ಸೊಟ್ಟಗಾಗುತ್ತದೆ. ಸರಿಯಾಗಿ ಹಾಕಿದರೆ ಹಿಂದೆ, ಮುಂದೆ ಎರಡೂ ಒಂದೇ ಥರ ಕಾಣುತ್ತದೆ. ಮೆಟ್ಟಿಲಿನ ಹಾಗೆ ಅಂಕುಡೊಂಕಾಗಿ ಹೋಗುವ ಮುರ್ಗಿ ಹೊಲಿಗೆಯೂ ಹಾಗೆಯೇ. ಆದರೆ ನೇಯ್ದ ಹಾಗೆ ಕಾಣುವ ನೇಗಿ ಹೊಲಿಗೆಯಲ್ಲಿ ಹಿಂಭಾಗ ಬೇರೆ ಕಾಣುತ್ತದೆ, ಅದನ್ನೂ ಹಾಗೇ ಹೇಳು. ಮಷೀನಿನಲ್ಲಿ ಮಾಡಿದ್ದನ್ನು ತಿರುಗಿಸಿದರೆ ಬಾಬಿನ್ ದಾರ, ಅಂದರೆ ಮಷೀನಿನ ಕೆಳಗಿನ ದಾರ ಕಾಣುತ್ತದೆ. ಎಷ್ಟೋ ಸಲ ಅಂಟಿಸಿದ ಪೇಪರಿನಂಥದ್ದೂ ಇರುತ್ತದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಒಂದು ಸಣ್ಣ ರೀಲ್ ಮಾಡು. ಮಷೀನಿನದನ್ನು ಕೈಕೆಲಸ ಅಂತ ಹೇಳಿ ಮಾರುವವರು ಬಹಳ ಜನ ಇದ್ದಾರೆ. ಕೊಳ್ಳುವವರಿಗೆ ಇದನ್ನು ಕಲಿಸಿಕೊಟ್ಟರೆ ಅವರು ನಿನ್ನ ಹತ್ತಿರ ಏನೂ ಕೊಳ್ಳದಿದ್ದರೂ ನಿನ್ನನ್ನು ಮರೆಯುವುದಿಲ್ಲ. ಅಂಥ ರೀಲನ್ನು ಜನ ತಾವಾಗಿಯೇ ಮುಂದೆ ಕಳಿಸುತ್ತಾರೆ.

ಕಸೂತಿ ಹಾಕಿದವರ ಹೆಸರೂ ಪ್ರತಿ ಪೋಸ್ಟಿನಲ್ಲಿ ಬರಲಿ. ಮುಖ ತೋರಿಸುವ ಮೊದಲು ಮಾತ್ರ ಅವರನ್ನು ಕೇಳು. ಕೆಲವರಿಗೆ ಇಷ್ಟ, ಕೆಲವರ ಮನೆಯಲ್ಲಿ ಒಪ್ಪುವುದಿಲ್ಲ. ಕೈ ಮತ್ತು ಸೂಜಿ ತೋರಿಸಿದರೂ ಸಾಕು.

ಬೆಲೆಯನ್ನು ಮುಚ್ಚಿಡಬೇಡ. 'ಬೆಲೆಗೆ ಇನ್‌ಬಾಕ್ಸ್‌ಗೆ ಬನ್ನಿ' ಅಂದರೆ ಸಂಕೋಚದವರು ಅಲ್ಲಿಂದಲೇ ವಾಪಸ್ ಹೋಗುತ್ತಾರೆ. ಬೆಲೆ ಬರೆದು, ಅದರಲ್ಲಿ ಸೀರೆಗೆಷ್ಟು, ಕೈಕೆಲಸಕ್ಕೆಷ್ಟು ಅಂತ ಬಿಡಿಸಿ ಹೇಳು. ಚೌಕಾಸಿ ಮಾಡುವವರಿಗೆ ಬೇಕಾದರೆ ನಿನ್ನ ಪಾಲಿನಲ್ಲಿ ಕಡಿಮೆ ಮಾಡು. ಹಾಕಿದವರ ಕೂಲಿಗೆ ಮಾತ್ರ ಕೈ ಹಾಕಬೇಡ. ಇದೊಂದನ್ನು ನಾನು ತಾಯಿಯಾಗಿ ಕೇಳಿಕೊಳ್ಳುತ್ತಿದ್ದೇನೆ. ನೀನು ದುಡ್ಡು ಮಾಡಬೇಕು, ಚೆನ್ನಾಗಿಯೇ ಮಾಡಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಿನ್ನ ಜೊತೆ ಅವರ ಮನೆಯೂ ಮೇಲೆ ಬಂದರೆ ಆ ದುಡ್ಡು ನಿಲ್ಲುತ್ತದೆ.

ಇನ್ನೊಂದು. ಪೇಜ್ ನಿನ್ನ ಹೆಸರಿನಲ್ಲಿದ್ದರೂ ನಿನ್ನ ಕೈಯಲ್ಲಿಲ್ಲ. 2020ರ ಜೂನ್‌ನಲ್ಲಿ ಸರ್ಕಾರ ಟಿಕ್‌ಟಾಕ್ ನಿಲ್ಲಿಸಿತಲ್ಲ, ಆಗ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದ ಹಳ್ಳಿ ಹುಡುಗ ಹುಡುಗಿಯರು ರಾತ್ರೋರಾತ್ರಿ ಎಲ್ಲರನ್ನೂ ಕಳೆದುಕೊಂಡರು. ಅದಕ್ಕೇ ಕೊಂಡವರ ಹೆಸರು, ನಂಬರ್, ಊರು, ಏನು ಕೊಂಡರು ಅನ್ನುವುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ವಾಟ್ಸ್ಆ್ಯಪ್‌ನಲ್ಲಿ ಅವರಿಗೆ ಗ್ರೂಪ್ ಮಾಡಬೇಡ. ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಬೆಳಿಗ್ಗೆ ಎದ್ದರೆ ಗುಡ್ ಮಾರ್ನಿಂಗ್ ಹೂವು ಬೇರೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡು, ಅದರಲ್ಲಿ ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ. ನಿನ್ನ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ಅಂದರೆ ನಿನ್ನ ಸುದ್ದಿ ತಮಗೆ ಬೇಕು ಅಂದುಕೊಂಡವರಿಗೆ ಮಾತ್ರ ಹೋಗುತ್ತದೆ, ಒಳ್ಳೆಯದೇ ಅಲ್ವಾ? ಮೊದಲ ಪಾರ್ಸೆಲ್ ಜೊತೆ ನಂಬರ್ ಬರೆದ ಒಂದು ಚೀಟಿ, ತೊಳೆಯುವುದು ಹೇಗೆ ಅನ್ನುವ ಎರಡು ಸಾಲು ಇಡು. ಸೇವ್ ಮಾಡಿಕೊಳ್ಳಲು ಅವರಿಗೂ ಒಂದು ಕಾರಣ ಬೇಕಲ್ಲ.

ಹೊರದೇಶದ ಕನ್ನಡ ಕೂಟಗಳ ಬಗ್ಗೆ ಕೇಳಿದ್ದೆ. ಅವರಿಗೆ ಸೀರೆ ಬೇಕಾಗುವುದು ನವೆಂಬರ್ ರಾಜ್ಯೋತ್ಸವದ ಹೊತ್ತಿಗೆ. ಆದರೆ ಸೆರಗಿನ ತುಂಬಾ ಕಸೂತಿ ಹಾಕಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಕ್ಟೋಬರ್‌ನಲ್ಲಿ ಪೋಸ್ಟ್ ಹಾಕಿದರೆ ಏನೂ ಪ್ರಯೋಜನ ಇಲ್ಲ. ಬೇಸಿಗೆಯಲ್ಲೇ ನಮೂನೆ ತೋರಿಸಿ ಆರ್ಡರ್ ತಗೋ. ನಿನ್ನ ಕ್ಲಾಸ್‌ಮೇಟ್ ಒಬ್ಬಳು ಅಮೆರಿಕದಲ್ಲಿದ್ದಾಳಲ್ಲ, ಅವಳಿಂದ ಶುರು ಮಾಡು. ಕೊಂಡುಕೋ ಅನ್ನಬೇಡ, ಅಲ್ಲಿಯ ಕೂಟದಲ್ಲಿ ಇದನ್ನೆಲ್ಲ ನೋಡಿಕೊಳ್ಳುವವರು ಯಾರು ಅಂತಷ್ಟೇ ಕೇಳು.

ಎಚ್ಚರಿಕೆಯ ಮಾತನ್ನು ಬೇಗ ಹೇಳಿಬಿಡುತ್ತೇನೆ. ದೊಡ್ಡ ಆರ್ಡರ್ ಅಂತ ಹೇಳಿ ಕ್ಯೂಆರ್ ಕೋಡ್ ಕಳಿಸಿ 'ಸ್ಕ್ಯಾನ್ ಮಾಡಿ, ಅಡ್ವಾನ್ಸ್ ಬರುತ್ತೆ' ಅನ್ನುವವರು ಕಳ್ಳರು. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಹಾಕುವ ಹಾಗೇ ಇಲ್ಲ. ಪಿನ್ ಕೇಳಿತು ಅಂದರೆ ದುಡ್ಡು ನಿನ್ನಿಂದ ಹೋಗುತ್ತಿದೆ ಅಂತಲೇ ಅರ್ಥ. ಏನಾದರೂ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಅಳುತ್ತಾ ಕೂರಬೇಡ, ನನಗೆ ಹೇಳಲು ಹೆದರಬೇಡ. ಮನೆಯ ವಿಳಾಸ, ನೀನು ಒಬ್ಬಳೇ ಇರುವ ವಿಷಯ ಎಲ್ಲೂ ಹಾಕಬೇಡ.

ದಿನಾ ಎಷ್ಟು ಲೈಕ್ ಬಂತು ಅಂತ ನೋಡುವುದನ್ನು ಸ್ವಲ್ಪ ಬಿಡು. ಲೈಕ್ ಕಡಿಮೆ ಬಂದ ದಿನ ನಿನ್ನ ದನಿ ಸಣ್ಣಗಾಗಿರುತ್ತದೆ, ಫೋನಿನಲ್ಲೇ ಗೊತ್ತಾಗುತ್ತದೆ ನನಗೆ. ಆ ಹೊತ್ತಿನಲ್ಲಿ ಒಬ್ಬರಿಗೆ ಮೆಸೇಜ್ ಬರಿ. ಬೆಂಗಳೂರಿನಲ್ಲೇ ಇದ್ದರೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಾ. ಫೋನಿನಲ್ಲಿ ಶುರುವಾದ ಪರಿಚಯ ಗಟ್ಟಿಯಾಗುವುದು ಎದುರಿಗೆ ಕೂತಾಗಲೇ.

ಮುಂದಿನ ವಾರ ಕೊರಿಯರ್‌ನಲ್ಲಿ ಕುಪ್ಪಸದ ಬಟ್ಟೆಗಳು ಬರುತ್ತವೆ. ಒಂದೊಂದಕ್ಕೂ ಹಾಕಿದವರ ಹೆಸರು, ಯಾವ ಹೊಲಿಗೆ, ಎಷ್ಟು ದಿನ ಹಿಡಿಯಿತು ಅಂತ ಚೀಟಿ ಸೇರಿಸಿದ್ದೇನೆ. ಫೋಟೋ ತೆಗೆಯುವಾಗ ಚೀಟಿ ಅದಲು ಬದಲು ಆಗದ ಹಾಗೆ ನೋಡಿಕೋ. ಮೈಸೂರಿನ ಮೇಡಂಗೆ ಬರೆದೆಯಾ, ಏನಂದರು ಅಂತ ಭಾನುವಾರ ಹೇಳು.

ನಿನ್ನ,
ಅವ್ವ