ಸೇನೆಯ ಸ್ಟೋರ್ ಬಿಟ್ಟು ಹೊರಬರುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಸೇನೆ ಬಿಟ್ಟು ಕಂಪನಿ ಕೆಲಸ ಹುಡುಕೋಕೆ ಅಂತ ನೀನು ಬರೆದು ಕಳಿಸಿದ ಬಯೋಡೇಟಾ ಓದಿದೆ. ಎರಡು ಪುಟದ ತುಂಬ ಹುದ್ದೆ, ಪದಕ, ತರಬೇತಿ, ವರ್ಗಾವಣೆ. ನೀನು ಅಲ್ಲಿ ಏನು ಮಾಡುತ್ತಿದ್ದೆ ಅನ್ನೋದು ಮಾತ್ರ ಎಲ್ಲೂ ಸಿಗಲಿಲ್ಲ ಮಾರಾಯ. 'ಬಿಡಿಭಾಗಗಳ ಸ್ಟೋರ್‌ನ ಸಂಪೂರ್ಣ ಉಸ್ತುವಾರಿ' ಅಂತ ಒಂದು ಸಾಲಿದೆ. ಅದನ್ನು ಓದಿದ ಕಂಪನಿಯವರಿಗೆ ನೀನು ಬೀಗದ ಕೈ ಇಟ್ಟುಕೊಂಡು ಕೂತವನ ಹಾಗೆ ಕಾಣುತ್ತೀಯ. ಮುಂದಿನ ಸಮರಾಭ್ಯಾಸಕ್ಕೆ ಎಷ್ಟು ಗಾಡಿ ಹೊರಡುತ್ತವೆ, ಅವುಗಳಲ್ಲಿ ಏನೇನು ಸವೆಯುತ್ತೆ ಅಂತ ತಿಂಗಳುಗಳ ಮೊದಲೇ ಅಂದಾಜು ಕಟ್ಟಿ ಇಂಡೆಂಟ್ (ಮಾಲಿನ ಬೇಡಿಕೆ ಚೀಟಿ) ಹಾಕುತ್ತಿದ್ದವನು ನೀನು. ಮಾಲು ತಡವಾದಾಗ, ಕೆಟ್ಟು ನಿಂತ ಗಾಡಿಯಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿಸೋದಾ ಬೇಡವಾ ಅಂತ ನಿಂತ ಕಾಲಲ್ಲೇ ತೀರ್ಮಾನ ಮಾಡುತ್ತಿದ್ದವನೂ ನೀನೇ. ಕಾಗದದ ಮೇಲೆ ಬರಬೇಕಾದದ್ದು ಅದು.

ಒಂದೊಂದು ಸಾಲಿಗೂ ಮೂರು ಪ್ರಶ್ನೆ ಕೇಳಿಕೋ: ನಾನು ಕೈ ಹಾಕುವ ಮೊದಲು ಹೇಗಿತ್ತು, ನಾನು ಏನು ಬದಲಾಯಿಸಿದೆ, ಆಮೇಲೆ ಏನಾಯಿತು. ಲೆಡ್ಜರಿಗೂ ಶೆಲ್ಫಿಗೂ ತಾಳೆಯಾಗದ ಐಟಂಗಳು ಕಡಿಮೆಯಾದವಾ? ಬಿಡಿಭಾಗಕ್ಕಾಗಿ ಕಾದು ನಿಂತ ಗಾಡಿಗಳ ದಿನಗಳು ಇಳಿದವಾ? ಅದನ್ನು ಬರಿ. ಆದರೆ ಎಚ್ಚರ. ಯಾವ ಘಟಕ, ಎಲ್ಲಿ, ಎಷ್ಟು ಮದ್ದುಗುಂಡು, ಯಾವ ಕಾಲದಲ್ಲಿ ಅನ್ನೋದೆಲ್ಲ ಬರೆಯೋ ಹಾಗಿಲ್ಲ, ಬರೆಯಲೂಬೇಡ. ನಿಜವಾದ ಸಂಖ್ಯೆಯ ಬದಲು ಶೇಕಡಾವಾರು ಹಾಕಿದರೆ ಗುಟ್ಟೂ ಉಳಿಯುತ್ತೆ, ಕೆಲಸವೂ ಕಾಣುತ್ತೆ. ಸಂದರ್ಶನದಲ್ಲಿ ಯಾರಾದರೂ ಕೆದಕಿದರೆ 'ಅದನ್ನು ಹೇಳೋ ಹಾಗಿಲ್ಲ' ಅನ್ನು. ಅದರಿಂದ ನಿನ್ನ ಬಗ್ಗೆ ಗೌರವ ಹೆಚ್ಚುತ್ತೆಯೇ ಹೊರತು ಕಡಿಮೆಯಾಗಲ್ಲ.

ಬಯೋಡೇಟಾ ತಿದ್ದೋದು ಒಂದು ಸಂಜೆಯ ಕೆಲಸ. ನಿನಗೆ ಕಷ್ಟವಾಗೋದು ಬೇರೆ ಇದೆ.

ಸೇನೆಯ ಸ್ಟೋರ್‌ನಲ್ಲಿ ದೊಡ್ಡ ಅಪರಾಧ ಒಂದೇ. ಕೇಳಿದಾಗ 'ಇಲ್ಲ' ಅನ್ನೋದು. ಹೆಚ್ಚಿಟ್ಟುಕೊಂಡವನ ಮೇಲೆ ಆಡಿಟ್‌ನವರು ಒಮ್ಮೆ ಗೊಣಗಬಹುದು, ಅಷ್ಟೆ. ಅದಕ್ಕೇ ನಮಗೆಲ್ಲ ನಾಲ್ಕು ಬೇಕಾದ ಕಡೆ ಆರು ಇಡೋ ಚಾಳಿ. ಕಂಪನಿಯಲ್ಲಿ ಇಲ್ಲದಿರೋದೂ ಅಪರಾಧ, ಹೆಚ್ಚಿರೋದೂ ಅಪರಾಧ. ಶೆಲ್ಫಿನ ಮೇಲಿರೋದು ಸಾಮಾನಲ್ಲ, ಓಡಾಡದೆ ಕೂತ ದುಡ್ಡು ಅಂತ ನೋಡೋ ಕಣ್ಣು ಇಲ್ಲಿಯವರದು. ಸಂದರ್ಶನದಲ್ಲಿ 'ನಿಮ್ಮ ಇನ್ವೆಂಟರಿ ಟರ್ನ್ಸ್ ಎಷ್ಟಿತ್ತು?' ಅಂತ ಕೇಳೇ ಕೇಳುತ್ತಾರೆ. ಬೆಚ್ಚಬೇಡ. ವರ್ಷಕ್ಕೆ 1,200 ಟಯರ್ ಹೊರಗೆ ಹೋಗುತ್ತೆ, ಸರಾಸರಿ 300 ಯಾವಾಗಲೂ ಒಳಗಿರುತ್ತೆ ಅಂದರೆ ಸ್ಟಾಕ್ ವರ್ಷಕ್ಕೆ 4 ಸುತ್ತು ತಿರುಗಿತು. ಒಂದೊಂದು ಟಯರೂ ಸುಮಾರು ಮೂರು ತಿಂಗಳು ಕೂತಿರುತ್ತೆ ಅಂತ ಅರ್ಥ. ಹೀಗೆ ಕೂತ ಸರಕಿನ ಮೇಲಿನ ಬಡ್ಡಿ, ಜಾಗದ ಬಾಡಿಗೆ, ವಿಮೆ, ಹಾಳಾಗೋದು, ಮಾಡೆಲ್ ಬದಲಾಗಿ ಯಾರಿಗೂ ಬೇಡವಾಗೋದು, ಎಲ್ಲ ಕೂಡಿಸಿದರೆ ವರ್ಷಕ್ಕೆ ಸರಕಿನ ಬೆಲೆಯ ಶೇ 20ರಿಂದ 30ರಷ್ಟು ಅಂತ ಈ ಕಸುಬಿನವರು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ.

ಇನ್ನೊಂದು ಲೆಕ್ಕ ನಿನಗೆ ಗೊತ್ತಿರೋದೇ. ದಿನಕ್ಕೆ 8 ಆಯಿಲ್ ಫಿಲ್ಟರ್ ಖರ್ಚು, ತರಿಸಲು 15 ದಿನ, ಆಪತ್ತಿಗೆ ಇರಲಿ ಅಂತ 40. 15 ದಿನಕ್ಕೆ 120, ಮೇಲೆ ಆ 40, ಅಂದರೆ ಸ್ಟಾಕ್ 160ಕ್ಕೆ ಇಳಿದ ಕೂಡಲೇ ಆರ್ಡರ್ ಹೋಗಬೇಕು. ಇಷ್ಟನ್ನು ನೀನು ಬಿನ್ ಕಾರ್ಡ್ (ಒಂದೊಂದು ಮಾಲಿನ ಲೆಕ್ಕದ ಚೀಟಿ) ನೋಡಿಯೇ ಮಾಡುತ್ತಿದ್ದೆ. ಆದರೆ ಇಲ್ಲಿ ಎದುರಿಗೆ ಕೂತವರು ಆ 40ನ್ನು ಹಿಡಿದು ಜಗ್ಗುತ್ತಾರೆ. 40 ಯಾಕೆ, 80 ಯಾಕಲ್ಲ, 10 ಯಾಕೆ ಸಾಲದು? 'ಇರಲಿ ಅಂತ' ಅಂದರೆ ಕೆಲಸ ಕೆಟ್ಟಿತು. ಪೂರೈಕೆದಾರ 15 ದಿನ ಅಂದು ಎಷ್ಟು ಸಲ 20 ದಿನ ಮಾಡಿದ್ದಾನೆ, ದಿನದ ಖರ್ಚು 8ರಿಂದ ಎಷ್ಟು ಏರುತ್ತೆ ಇಳಿಯುತ್ತೆ, ಫಿಲ್ಟರ್ ಇಲ್ಲದಿದ್ದರೆ ಏನು ನಿಲ್ಲುತ್ತೆ, ನಿಂತರೆ ಎಷ್ಟು ನಷ್ಟ ಅಂತ ಬಿಡಿಸಿ ಹೇಳಬೇಕು. ನಿನ್ನ ಕೈ ಮೇಲಾಗೋದೂ ಇಲ್ಲೇ ನೋಡು. ಬೆಲೆ ನೋಡಿ ಎ, ಬಿ, ಸಿ ಅಂತ ವಿಂಗಡಿಸಿ ದುಬಾರಿ ಮಾಲಿನ ಮೇಲೆ ಮಾತ್ರ ಕಣ್ಣಿಡುವ ಅಭ್ಯಾಸ ಇಲ್ಲಿ ಬಹಳ. ಕಾಸಿಗೂ ಬೇಡದ ಒಂದು ಗ್ಯಾಸ್ಕೆಟ್ ಇಲ್ಲದೆ ಇಡೀ ಗಾಡಿ ನಿಂತದ್ದನ್ನು ಕಂಡವನಿಗೆ ಯಾವುದು ಅಗ್ಗ, ಯಾವುದು ಅನಿವಾರ್ಯ ಅನ್ನೋದು ಎರಡು ಬೇರೆ ಪ್ರಶ್ನೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಹೆಚ್ಚಿಟ್ಟುಕೊಳ್ಳುವ ಚಾಳಿ ಎಲ್ಲಿಂದ ಬರುತ್ತೆ ಅಂತ ಯೋಚಿಸಿದ್ದೀಯಾ? ದುರಾಸೆಯಿಂದಲ್ಲ, ಅಪನಂಬಿಕೆಯಿಂದ. 1990–91ರ ಕೊಲ್ಲಿ ಯುದ್ಧಕ್ಕೆ ಅಮೆರಿಕ ಸೇನೆ 40,000ಕ್ಕೂ ಹೆಚ್ಚು ಕಂಟೇನರ್ ಸಾಗಿಸಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಳಗೇನಿದೆ ಅಂತ ತಿಳಿಯೋಕೇ ಬಾಗಿಲು ತೆಗೆದು ನೋಡಬೇಕಾಯಿತು. ಮುಂಚೂಣಿಯವರು ಕೇಳಿದ್ದು ಬರುತ್ತಿದೆಯಾ, ದಾರಿಯಲ್ಲಿದೆಯಾ, ಕಳೆದೇ ಹೋಯಿತಾ ಗೊತ್ತಾಗದೆ ಅದನ್ನೇ ಮತ್ತೆ ಕೇಳಿದರು, ಮತ್ತೂ ಕೇಳಿದರು. ಎಲ್ಲವೂ ಬಂತು! ಬಂದರಿನಲ್ಲಿ ಬೆಟ್ಟವಾಗಿ ಬಿತ್ತು. ಆ ಪಾಠ ಕಲಿತ ಮೇಲೆಯೇ ಅಲ್ಲಿನ ಸೇನೆ ಕಂಟೇನರಿಗೆ ರೇಡಿಯೋ ಟ್ಯಾಗ್ ಅಂಟಿಸಿ, ಯಾವುದು ಎಲ್ಲಿದೆ ಅಂತ ದೂರದಿಂದಲೇ ಓದುವ ವ್ಯವಸ್ಥೆಗೆ ಜೋರಾಗಿ ಕೈ ಹಾಕಿದ್ದು.

ಇದು ಸೇನೆಯದೊಂದೇ ರೋಗ ಅಂದುಕೊಳ್ಳಬೇಡ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ತನ್ನ ಪ್ಯಾಂಪರ್ಸ್ ಡೈಪರಿನ ಆರ್ಡರುಗಳನ್ನು ಪರಿಶೀಲಿಸಿದಾಗ ಕಂಡದ್ದೂ ಇದೇ. ಕೂಸುಗಳು ಡೈಪರ್ ಬಳಸೋದು ದಿನಾ ಹೆಚ್ಚುಕಡಿಮೆ ಒಂದೇ ಸಮ. ಅಂಗಡಿಯ ಮಾರಾಟದಲ್ಲೂ ಏರಿಳಿತ ಅಷ್ಟಿಲ್ಲ. ವಿತರಕರ ಆರ್ಡರ್ ಮಾತ್ರ ಮೇಲೆ ಕೆಳಗೆ ಹಾರುತ್ತೆ, ಕಂಪನಿ ತನ್ನ ಕಚ್ಚಾಮಾಲಿಗೆ ಕೊಡುವ ಆರ್ಡರ್ ಇನ್ನೂ ಜೋರಾಗಿ ಹಾರುತ್ತೆ. ಪ್ರತಿಯೊಬ್ಬನೂ ಮುಂದಿನವನನ್ನು ನಂಬದೆ ಸ್ವಲ್ಪ ಸ್ವಲ್ಪ ಹೆಚ್ಚಿಗೆ ಕೇಳುತ್ತಾ ಹೋಗುತ್ತಾನೆ. ಇದನ್ನು 'ಬುಲ್‌ವಿಪ್ ಎಫೆಕ್ಟ್' ಅನ್ನುತ್ತಾರೆ. ಎಂಐಟಿಯ ಜೇ ಫಾರೆಸ್ಟರ್ 1950ರ ದಶಕದ ಕೊನೆಯಲ್ಲೇ ಇದರ ಬಗ್ಗೆ ಬರೆದಿದ್ದರು. ನೀನು ನಾಳೆ ಸೇರುವ ಕಂಪನಿ ಯಾವುದೇ ಇರಲಿ, ಅಲ್ಲೂ ಇದು ಇರುತ್ತೆ. ಮೂರು ಕಡೆಯಿಂದ ಒಂದೇ ಮಾಲಿಗೆ ತುರ್ತು ಇಂಡೆಂಟ್ ಬಂದಾಗ, ಇವರಿಗೆ ಮಾಲು ಬೇಕಾ ಅಥವಾ ಮಾಲು ಬರುತ್ತೆ ಅನ್ನೋ ಭರವಸೆ ಬೇಕಾ ಅಂತ ವಾಸನೆ ಹಿಡಿಯುತ್ತಿದ್ದೆಯಲ್ಲ, ಆ ಮೂಗಿಗೆ ಇಲ್ಲಿ ಒಳ್ಳೆ ಬೆಲೆ ಇದೆ.

ಅಂದಹಾಗೆ, ಆ ಕೊಲ್ಲಿ ಯುದ್ಧದಲ್ಲಿ ಅಮೆರಿಕ ಸೇನೆಯ ಸರಬರಾಜಿನ ಹೊಣೆ ಹೊತ್ತಿದ್ದ ಲೆಫ್ಟಿನೆಂಟ್ ಜನರಲ್ ಗಸ್ ಪಗೋನಿಸ್ 1993ರಲ್ಲಿ ನಿವೃತ್ತರಾಗಿ ನೇರ ಸಿಯರ್ಸ್ ಎಂಬ ದೊಡ್ಡ ಚಿಲ್ಲರೆ ವ್ಯಾಪಾರ ಕಂಪನಿಯ ಸಾಗಣೆ ವಿಭಾಗದ ಮುಖ್ಯಸ್ಥರಾದರು. ವರದಿಯೆಲ್ಲ ಅಂಗೈಯಗಲದ ಒಂದು ಕಾರ್ಡಿನಲ್ಲಿ ಹಿಡಿಸಬೇಕು ಅನ್ನೋದು ಅವರ ಪದ್ಧತಿ. ಜನರಲ್‌ಗಳಿಗೆ ಬಾಗಿಲು ತಾನಾಗೇ ತೆರೆಯುತ್ತೆ, ನಮ್ಮಂಥವರಿಗೆ ತಟ್ಟಬೇಕು, ಅದು ಬೇರೆ ಮಾತು. ಆದರೆ ಆ ಕಾರ್ಡಿನ ಅಭ್ಯಾಸ ತಗೋ. ಸೇನೆಯ ಪತ್ರಗಳ ಶೈಲಿಯಲ್ಲಿ ಇಮೇಲ್ ಬರೆದರೆ ಇಲ್ಲಿ ಯಾರೂ ಎರಡನೇ ಪ್ಯಾರಾಕ್ಕೆ ಬರಲ್ಲ.

ಸಾಗಣೆಯ ಕಡೆ ಹೋಗಲಾ ಅಂತ ಕೇಳಿದ್ದೀಯ. ಹೋಗು, ಆದರೆ ಗಾಡಿ ಓಡುವ ವೇಗಕ್ಕಿಂತ ಗಾಡಿ ನಿಂತಿರುವ ಹೊತ್ತಿನ ಬಗ್ಗೆ ಮಾತಾಡು. 1948–49ರಲ್ಲಿ ಸೋವಿಯತ್ ಸೇನೆ ಬರ್ಲಿನ್ ನಗರದ ನೆಲದ ದಾರಿ ಮುಚ್ಚಿದಾಗ ವಿಮಾನದಲ್ಲೇ ಸುಮಾರು 23 ಲಕ್ಷ ಟನ್ ಸರಕು ಇಳಿಸಿದರಲ್ಲ, ಅದನ್ನು ನಡೆಸಿದ ಅಮೆರಿಕ ವಾಯುಪಡೆಯ ವಿಲಿಯಂ ಟನ್ನರ್ ಮಾಡಿದ ಮುಖ್ಯ ಕೆಲಸಗಳಲ್ಲೊಂದು ಬಹಳ ಸಣ್ಣದು: ಪೈಲಟ್‌ಗಳು ವಿಮಾನ ಬಿಟ್ಟು ಕ್ಯಾಂಟೀನಿಗೆ ಹೋಗೋದನ್ನು ನಿಲ್ಲಿಸಿ, ತಿಂಡಿಯ ಗಾಡಿಯನ್ನೂ ಹವಾಮಾನದ ಮಾಹಿತಿಯನ್ನೂ ವಿಮಾನದ ಹತ್ತಿರಕ್ಕೇ ಕಳಿಸಿದ್ದು. ಕಾನ್ವಾಯ್ ಲೋಡಿಂಗ್‌ನಲ್ಲಿ ನೀನು ಸಾಲು ಬದಲಿಸಿ ಹೊತ್ತು ಉಳಿಸಿದ್ದೆಯಲ್ಲ, ಅದೇ ಜಾತಿಯ ಕೆಲಸ. ಬಯೋಡೇಟಾದಲ್ಲಿ ಅದರ ಸುಳಿವೇ ಇಲ್ಲ ನೋಡು.

ಇನ್ನೊಂದು ದಾರಿ ನಿನ್ನ ಕಣ್ಣಿಗೆ ಬಿದ್ದ ಹಾಗಿಲ್ಲ. ಮದ್ದುಗುಂಡು, ಇಂಧನ ಎರಡನ್ನೂ ವರ್ಷಗಟ್ಟಲೆ ಸಂಭಾಳಿಸಿದ್ದೀಯ. ಸಾಗಣೆಯಲ್ಲಿ ಅಪಾಯಕಾರಿ ಸರಕುಗಳಿಗೆ ವಿಶ್ವಸಂಸ್ಥೆ 9 ವರ್ಗ ಮಾಡಿದೆ. 1ನೇ ವರ್ಗ ಸ್ಫೋಟಕ, 3ನೇ ವರ್ಗ ಹೊತ್ತಿಕೊಳ್ಳುವ ದ್ರವ. ಇವನ್ನು ಸಾಗಿಸುವ ಹಡಗಿಗೆ ಐಎಂಡಿಜಿ ಎಂಬ ಅಂತರರಾಷ್ಟ್ರೀಯ ಸಂಹಿತೆ, ವಿಮಾನಕ್ಕೆ ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎ ನಿಯಮಾವಳಿ. ವಿಮಾನದ್ದಕ್ಕೆ 24 ತಿಂಗಳಿಗೊಮ್ಮೆ ತರಬೇತಿ ನವೀಕರಿಸಿಕೊಳ್ಳಬೇಕು. ಈ ಪುಸ್ತಕ ಓದಿ ಪಾಸಾದವರು ಸಿಗುತ್ತಾರೆ, ಇಂಥ ಸರಕನ್ನು ಕೈಯಾರೆ ಇಳಿಸಿ, ಅಂತರ ಅಳೆದು, ಬೇರೆ ಬೇರೆ ಇಟ್ಟು ಕಾಯ್ದವರು ಸಿಗೋದು ಕಷ್ಟ. ರಾಸಾಯನಿಕ, ಬಣ್ಣ, ಲಿಥಿಯಂ ಬ್ಯಾಟರಿ ಸಾಗಿಸುವ ಕಂಪನಿಗಳಿಗೆ ಅರ್ಜಿ ಹಾಕು. ವಿಶ್ವ ಆಹಾರ ಕಾರ್ಯಕ್ರಮದಂಥ ಪರಿಹಾರ ಸಂಸ್ಥೆಗಳೂ ಸಾಗಣೆ ಬಲ್ಲವರನ್ನು ತೆಗೆದುಕೊಳ್ಳುತ್ತವೆ, ಆದರೆ ಅಲ್ಲಿ ಸೇನೆಯವರ ಆಜ್ಞೆಯ ದನಿ ಕೇಳಿದರೆ ಮುಖ ಗಂಟಿಕ್ಕುವವರಿದ್ದಾರೆ. ಅವರ ಕಾರಣ ಅವರಿಗಿದೆ.

ದನಿಯ ಮಾತು ಬಂತಲ್ಲ, ನೇರ ಹೇಳಿಬಿಡುತ್ತೇನೆ. ನೀನು ತೀರಾ ಹಿಂದಿರುವುದು ಖರೀದಿಯಲ್ಲಿ. ನಮಗೆ ದರ ಯಾವಾಗಲೂ ಮೇಲಿನಿಂದ ಗೊತ್ತಾಗಿ ಬರುತ್ತಿತ್ತು. ಇಲ್ಲಿ ಪೂರೈಕೆದಾರ ನಿನ್ನ ಕೈಕೆಳಗಿನವನಲ್ಲ, ಅವನಿಗೆ ಬೇರೆ ಗಿರಾಕಿಗಳಿದ್ದಾರೆ, ಗದರಿಸಿದರೆ ನಿನ್ನ ಮಾಲನ್ನು ಸುಮ್ಮನೆ ಕೊನೆಗೆ ತಳ್ಳುತ್ತಾನೆ. ಚೌಕಾಸಿ, ಪಾವತಿಯ ಗಡುವು, ಕರಾರಿನ ದಂಡದ ಕಲಮು, ಇವನ್ನು ಒಬ್ಬ ಒಳ್ಳೆ ಖರೀದಿ ಮ್ಯಾನೇಜರ್ ಪಕ್ಕ ಕೂತೇ ಕಲಿಯಬೇಕು. ಅದಕ್ಕಾಗಿ ಮೊದಲ ಹುದ್ದೆ ಒಂದು ಮೆಟ್ಟಿಲು ಕೆಳಗಿನದಾದರೂ ಒಪ್ಪಿಕೋ ಅಂತ ನನ್ನ ಅಭಿಪ್ರಾಯ. ನಿನ್ನ ಮನೆಯವರು ಒಪ್ಪಲಿಕ್ಕಿಲ್ಲ.

ಸರ್ಟಿಫಿಕೇಟು ಗುಡ್ಡೆ ಹಾಕಬೇಡ. ಎಎಸ್‌ಸಿಎಂ, ಅಂದರೆ 2018ರವರೆಗೆ ಏಪಿಕ್ಸ್ ಎಂದಿದ್ದ, ಸರಬರಾಜು ಕಸುಬಿನವರ ಸಂಸ್ಥೆ, ಕೊಡುವ ಎರಡು ಇವೆ: ಸ್ಟಾಕ್ ಮತ್ತು ಯೋಜನೆಗೆ ಸಿಪಿಐಎಂ (ನಗಬೇಡ, ಪಕ್ಷಕ್ಕೂ ಇದಕ್ಕೂ ಸಂಬಂಧವಿಲ್ಲ), ಸಾಗಣೆ ಮತ್ತು ಗೋದಾಮಿಗೆ ಸಿಎಲ್‌ಟಿಡಿ. ಯಾವುದಾದರೂ ಒಂದು ಸಾಕು, ಅದೂ ಯಾವ ಕಡೆ ಹೋಗುತ್ತೀಯ ಅಂತ ತೀರ್ಮಾನವಾದ ಮೇಲೆ. ಅದಕ್ಕಿಂತ ಮೊದಲು ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ (ಉದ್ದದ ಪಟ್ಟಿಯನ್ನು ಗುಂಪು ಮಾಡಿ ಕೂಡಿಸುವ ಸಾಧನ) ನೀರು ಕುಡಿದಷ್ಟು ಸಲೀಸಾಗಲಿ.

ಕೊನೆಗೆ, ಯಾರಾದರೂ ಕೆಲಸ ಕೊಡುತ್ತೇವೆ ಅಂದರೆ ಒಪ್ಪುವ ಮೊದಲು 'ಗೋದಾಮು ಒಮ್ಮೆ ನೋಡಬಹುದಾ' ಅಂತ ಕೇಳು. ಮುಂಬಾಗಿಲ ಥಳಕು ಬಿಡು, ವಾಪಸು ಬಂದ ಮಾಲು ಇಡುವ ಮೂಲೆಗೆ ಹೋಗು. ಅಲ್ಲಿ ಚೀಟಿಯಿಲ್ಲದ ಪೆಟ್ಟಿಗೆ ಎಷ್ಟಿವೆ ನೋಡು. ಒಂದು ಶೆಲ್ಫಿನ ಹತ್ತಿರ ನಿಂತು, ಕಂಪ್ಯೂಟರಿನಲ್ಲಿ ಈ ಐಟಂ ಎಷ್ಟಿದೆ ಅಂತ ಕೇಳಿ, ಎಣಿಸಿ ನೋಡು. ಕೊನೆಯ ಸಲ ಸ್ಟಾಕ್ ಎಣಿಕೆ ಯಾವಾಗ ಆಯಿತು ಅಂತ ಮ್ಯಾನೇಜರನ್ನಲ್ಲ, ಫೋರ್ಕ್‌ಲಿಫ್ಟ್ ಓಡಿಸುವವನನ್ನು ಕೇಳು. ತಾಳೆಯಾಗದಿದ್ದರೆ ಓಡಿಬರಬೇಕಾಗಿಲ್ಲ, ಅದನ್ನು ಸರಿಮಾಡೋಕೇ ನಿನ್ನನ್ನು ಕರೆದಿರಬಹುದು. ಹಾಗಿದ್ದರೆ ಸಂಬಳದ ಮಾತನ್ನು ಆ ಭೇಟಿ ಆದ ಮೇಲೆ ಎತ್ತು.

ನಿನ್ನ ಹಳೆಯ ಜೊತೆಗಾರ