ಬಳ್ಳಾರಿ ಕೋಟೆಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಸಿ: ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಕೋಟೆ ಗುಡ್ಡ ಹತ್ತಿ ಇಳಿದವರನ್ನು ನಿಲ್ಲಿಸಿ ಏನು ತಿಳಿದುಕೊಂಡಿರಿ ಎಂದು ಕೇಳಿ. ಹೈದರಾಲಿ ಕೋಟೆ ಕಟ್ಟಿಕೊಟ್ಟ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದ ಕಥೆಯೊಂದನ್ನೇ ಹೇಳುತ್ತಾರೆ. ಎದುರಿನ ಕುಂಬಾರ ಗುಡ್ಡ ಎತ್ತರ, ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆ ಉಳಿಯದು ಎಂದು ಕಟ್ಟಿ ಮುಗಿದ ಮೇಲೆ ಗೊತ್ತಾಯಿತಂತೆ. ಅದು ಐತಿಹ್ಯ, ಐತಿಹ್ಯವೆಂದೇ ಬರೆಯಿರಿ. ಉಳಿದ ಚರಿತ್ರೆ ಹೇಳುವವರು ಯಾರು?

ಮೇಲಿನ ಕೋಟೆ ವಿಜಯನಗರದ ಸಾಮಂತ ಹನುಮಪ್ಪ ನಾಯಕನದು, ಕೆಳಗಿನದು ಹೈದರಾಲಿಯದು. 1792ರಲ್ಲಿ ಟಿಪ್ಪುವಿನಿಂದ ನಿಜಾಮನಿಗೆ, 1800ರಲ್ಲಿ ನಿಜಾಮನಿಂದ ಬ್ರಿಟಿಷರಿಗೆ ಹೋಯಿತು. ಮೆಟ್ಟಿಲ ಬುಡದಲ್ಲಿ ಇಷ್ಟು ಕನ್ನಡದಲ್ಲಿ ಬರೆಸಲು ಎಷ್ಟು ವರ್ಷ ಬೇಕು, ಸ್ವಾಮಿ? ಕನ್ನಡದ ನಾಡಿಗಾಗಿ ಹೋರಾಡಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಊರಿದು.

ಮೇಲೆ ಬಂಡೆಯ ಸಂದುಗಳಲ್ಲಿ ಮಳೆನೀರು ನಿಲ್ಲುವ ದೊಣೆಗಳಿವೆ. ಮುತ್ತಿಗೆ ಬಿದ್ದಾಗ ಕೋಟೆಯ ಉಸಿರು ಅವು. ಗೋಡೆ ಎಷ್ಟೇ ಗಟ್ಟಿಯಿದ್ದರೂ ನೀರು ಮುಗಿದ ದಿನ ಬಾಗಿಲು ತೆರೆಯಲೇಬೇಕು. ಇದನ್ನು ಹೇಳುವ ಫಲಕ ದೊಣೆಯ ಪಕ್ಕದಲ್ಲೇ ಇರಲಿ. ಹೂಳನ್ನು ಏಪ್ರಿಲ್-ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲೇ ತೆಗೆಸಬೇಕು. ಮಳೆ ಬಿದ್ದ ಮೇಲೆ ಕೆಸರಾಗಿ ಕೆಲಸ ಕೆಡುತ್ತದೆ.

ಫಲಕಕ್ಕೆಂದು ಬಂಡೆಗೆ ಮೊಳೆ ಹೊಡೆಯಬೇಡಿ. ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲು ಸೀಳುತ್ತದೆ. ತಾನೇ ನಿಲ್ಲುವ ಕಲ್ಲಿನ ಫಲಕ ಮಾಡಿಸಿ. ಗಾರೆಯ ಗೋಡೆ ಬಿರುಕು ಬಿಟ್ಟರೆ ಸಿಮೆಂಟ್ ತುಂಬುವುದು ಇನ್ನೊಂದು ಕೇಡು: ಒಳಗಿನ ತೇವ ಹೊರಬರಲಾಗದೆ ಪಕ್ಕದ ಗಾರೆ ಉದುರುತ್ತದೆ. ಸುಣ್ಣದ ಗಾರೆಯೇ ಆಗಬೇಕು. ಗೋಡೆಯಲ್ಲಿ ಹುಟ್ಟಿದ ಅರಳಿ ಗಿಡವನ್ನು ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಬೇರು ಸಾಯಿಸಬೇಕು.

ಬಂಡೆಯ ಮೇಲೆ ಬಣ್ಣದಲ್ಲಿ ಹೆಸರು ಬರೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದನ್ನು ಅಳಿಸಲು ತಂತಿ ಬ್ರಷ್‌ನಿಂದ ಉಜ್ಜಿದರೆ ಕಲ್ಲಿನ ಮೇಲ್ಮೈಯೂ ಹೋಗುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಸಂರಕ್ಷಿತ ಸ್ಮಾರಕ ಹಾಳು ಮಾಡಿದವರಿಗೆ ಜೈಲು, ದಂಡ ಎರಡೂ ಇವೆ. ನಿಮಗೆ ಗೊತ್ತಿರುವುದೇ. ಗೊತ್ತಿದ್ದೂ ಸುಮ್ಮನಿರುವುದು ಸಾಕು. ಪುರಾತತ್ವ ಇಲಾಖೆಗೆ ಬರೆಯಿರಿ, ಉತ್ತರ ಬರದಿದ್ದರೆ ಸದನದಲ್ಲಿ ಕೇಳಿ.

ಬೇಸಿಗೆಯಲ್ಲಿ ಒಂಬತ್ತು ಗಂಟೆಗೇ ಬಂಡೆ ಕಾಯುತ್ತದೆ. ಹತ್ತುವ ದಾರಿಯಲ್ಲಿ ಕುಡಿಯುವ ನೀರು, ನೆರಳು ಬೇಕು. ಅದಕ್ಕಿಂತ ಮೊದಲು ಕನ್ನಡದ ಫಲಕ ಬೇಕು. ಬುಡದಲ್ಲಿ ಒಂದು, ದೊಣೆಯ ಬಳಿ ಒಂದು, ಮೇಲಿನ ಕೋಟೆಯ ಬಾಗಿಲಲ್ಲಿ ಒಂದು. ಈ ಮಳೆಗಾಲ ಮುಗಿಯುವುದರೊಳಗೆ ಹಾಕಿಸಿ.

ಇಂತಿ,
ಬಳ್ಳಾರಿಯ ನಾಗರಿಕರು