ಇಟಲಿ ಪ್ರವಾಸ: ಪೀಸಾ ಬಿಟ್ಟಿದ್ದೇಕೆ, ಚಿವಿತಾ ಹತ್ತಿರ ರಾತ್ರಿ ಉಳಿಯುವುದೇಕೆ

ಆತ್ಮೀಯರೇ,

ಹೊಸ ಪಟ್ಟಿ ವಾಟ್ಸಾಪಿನಲ್ಲಿ ಹೋದಾಗಿನಿಂದ ಆಫೀಸಿನ ಫೋನು ಸುಮ್ಮನಾಗಿಲ್ಲ. ಹಾಗಾಗಿ ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇವೆ. ಬದಲಾವಣೆ ಇಷ್ಟೇ. ಚಿವಿತಾ ದಿ ಬಾಗ್ನೊರೆಜಿಯೊ ಅಂದರೆ ಗುಡ್ಡದ ತುದಿಯ ಪುಟ್ಟ ಹಳೇ ಊರು, ಕಾಲುಸೇತುವೆ ದಾಟಿ ನಡೆದೇ ಹೋಗಬೇಕು. ಅಲ್ಲಿಗೆ ರೋಮಿನಿಂದ ಹೋಗಿ ಅವತ್ತೇ ವಾಪಸ್ ಬರುವ ಓಟ ಇನ್ನು ಇಲ್ಲ. ಸೇತುವೆಯ ಈಚೆಗಿರುವ ಬಾಗ್ನೊರೆಜಿಯೊ ಊರಿನಲ್ಲಿ ಒಂದು ರಾತ್ರಿ ಉಳಿಯುತ್ತೇವೆ. ಅದಕ್ಕಾಗಿ ಪೀಸಾ ಬಿಟ್ಟಿದ್ದೇವೆ. ತಲೆಗೆ 14,000 ರೂಪಾಯಿ ಜಾಸ್ತಿಯಾಗಿದೆ. ಬೇಜಾರಾದವರು ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ, ಆದರೆ ಪೂರ್ತಿ ಓದಿ.

"ಅಷ್ಟು ದೂರ ಕರೆದುಕೊಂಡು ಹೋಗಿ ಎರಡೇ ಗಂಟೆ ಇಟ್ಟುಕೊಂಡು ಹೊರಡಿಸಿದಿರಿ, ಸೂರ್ಯಾಸ್ತ ನೋಡಲೂ ಬಿಡಲಿಲ್ಲ, ಡ್ರೈವರ್ ಕೈಗೆ ನಾಲ್ಕು ಕಾಸು ಇಟ್ಟಿದ್ದರೆ ನಿಲ್ಲುತ್ತಿರಲಿಲ್ಲವಾ?" ಹಿಂದೆ ಹೋಗಿಬಂದವರಿಂದ ಈ ಮಾತು ಕೇಳಿ ಕೇಳಿ ನಮಗೆ ಬಾಯಿಪಾಠವಾಗಿದೆ. ನಿಲ್ಲುತ್ತಿರಲಿಲ್ಲ ಸ್ವಾಮಿ, ನಿಲ್ಲುವ ಹಾಗೇ ಇಲ್ಲ. ಯುರೋಪಿನ ಕಾನೂನಿನಲ್ಲಿ ಬಸ್ ಡ್ರೈವರ್ ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ 10. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು. ಇದೆಲ್ಲ ಹೇಗೋ ಹೊಂದಿಸಬಹುದು, ಕಷ್ಟ ಇರುವುದು ಇನ್ನೊಂದರಲ್ಲಿ: ದಿನಕ್ಕೆ 11 ಗಂಟೆ ಪೂರ್ತಿ ವಿಶ್ರಾಂತಿ ಸಿಗಲೇಬೇಕು. ವಾರಕ್ಕೆ ಮೂರು ಸಲ 9ಕ್ಕೆ ಇಳಿಸಬಹುದು, ಆ ಮೂರೂ ನಮ್ಮ ದೂರದ ದಾರಿಗಳಿಗೇ ಖರ್ಚಾಗುತ್ತವೆ. ಅಂದರೆ ಬೆಳಿಗ್ಗೆ 7ಕ್ಕೆ ಕೆಲಸ ಶುರು ಮಾಡಿದವನು ರಾತ್ರಿ 8ಕ್ಕೆ ಬಸ್ ನಿಲ್ಲಿಸಿ ಕೀಲಿ ತೆಗೆಯಬೇಕು, ನೀವು ತಿಂಡಿ ಮುಗಿಸುವ ತನಕ ಅವನು ಹೋಟೆಲ್ ಮುಂದೆ ಕಾದದ್ದೂ ಆ ಲೆಕ್ಕದಲ್ಲೇ ಬರುತ್ತದೆ. ಎಷ್ಟು ಓಡಿತು, ಎಷ್ಟು ನಿಂತಿತು ಅನ್ನುವುದನ್ನೆಲ್ಲ ಬಸ್ಸಿನಲ್ಲಿರುವ ಯಂತ್ರವೇ ಬರೆದಿಡುತ್ತದೆ. ಇನ್ನು ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟೂ ಮುಕ್ಕಾಲರ ಹೊತ್ತಿಗೆ. ಅಲ್ಲಿಂದ ರೋಮಿಗೆ ಸುಮಾರು 120 ಕಿಲೋಮೀಟರ್. ನೀವೇ ಲೆಕ್ಕ ಹಾಕಿ. ಅವನ ಮೇಲೂ ನಮ್ಮ ಮೇಲೂ ಕೋಪ ಮಾಡಿಕೊಂಡರೆ ಗಡಿಯಾರ ನಿಲ್ಲುವುದಿಲ್ಲ, ಅಲ್ವಾ?

ದುಡ್ಡಿನ ಮಾತು. ಯೂರೋ ನೂರು ರೂಪಾಯಿ ದಾಟಿದೆ. ಇಟಲಿಗೆ ಬೇಕಾದ ಷೆಂಗೆನ್ ವೀಸಾ ಶುಲ್ಕ 2024ರ ಜೂನಿನಲ್ಲೇ 80ರಿಂದ 90 ಯೂರೋ ಆಯಿತು. ಚಿವಿತಾ ಪ್ರವೇಶಕ್ಕೆ 2013ರಲ್ಲಿ ಟಿಕೆಟ್ ಶುರುವಾದಾಗ ಒಂದೂವರೆ ಯೂರೋ ಇತ್ತು, ಈಗ 5. ಊರೊಳಗೆ ಕಾಲಿಡಲೂ ಟಿಕೆಟ್ಟಾ ಎಂದು ನಗುವವರು, ಅದು ಕುಸಿಯುವ ಮಣ್ಣಿನ ಮೇಲೆ ಕೂತಿರುವ ಊರು, ಬೆರಳೆಣಿಕೆಯಷ್ಟು ಜನ ಮಾತ್ರ ವರ್ಷವಿಡೀ ಇರುತ್ತಾರೆ ಎಂಬುದನ್ನೂ ನೆನಪಿಡಿ. ಆ 5 ಯೂರೋ ನಮ್ಮ ಪ್ಯಾಕೇಜಿನಲ್ಲೇ ಇದೆ, ಯಾವತ್ತೂ ಬೇರೆ ಕೇಳಿಲ್ಲ. ಟಿಸಿಎಸ್, ಅಂದರೆ ಪ್ಯಾಕೇಜಿನ ದುಡ್ಡಿನ ಜೊತೆ ನಾವು ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಅದನ್ನು ನಮ್ಮ ಲಾಭ ಅಂದವರಿಂದಂತೂ ನಮಗೆ ನಿಜವಾಗಿ ನೋವಾಗಿದೆ. ಅದು ನಮ್ಮ ಲಾಭವಲ್ಲ, ನಿಮ್ಮದೇ ಪ್ಯಾನ್ ನಂಬರಿಗೆ ಜಮಾ ಆಗುವ ದುಡ್ಡು. ರಿಟರ್ನ್ಸ್ ಹಾಕುವಾಗ ವಜಾ ಮಾಡಿಕೊಳ್ಳಿ, ಕಾಗದ ನಾವು ಕೊಡುತ್ತೇವೆ.

ಪೀಸಾ ಗೋಪುರಕ್ಕೆ ಕೈ ಕೊಟ್ಟ ಫೋಟೋ ಬೇಕೇ ಬೇಕು ಅನ್ನುವವರಿಗೆ ನಮ್ಮಲ್ಲಿ ಉತ್ತರ ಇಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, ಹಗಲಿನ ಜನ ಕರಗಿದ ಮೇಲೆ ಚಿವಿತಾ ಬೀದಿಯಲ್ಲಿ ಒಂದು ಗಂಟೆ ಓಡಾಡುವುದೇ ಮೇಲು. ಹಳೆ ಎಣ್ಣೆ ಗಾಣದ ಮನೆಯಲ್ಲಿ ಕೆಂಡದ ಮೇಲೆ ಬ್ರೆಡ್ ಸುಟ್ಟು, ಬಿಸಿ ಇರುವಾಗಲೇ ಬೆಳ್ಳುಳ್ಳಿ ಉಜ್ಜಿ, ಮೇಲೆ ಆಲಿವ್ ಎಣ್ಣೆ ಸುರಿದು ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಅಷ್ಟು ನಿಶ್ಚಿಂತೆಯ ಊಟ ಇಟಲಿಯಲ್ಲಿ ಬೇರೆ ಹುಡುಕಬೇಕಿಲ್ಲ.

ಮಂಡಿನೋವಿನವರಿಗೆ ಒಂದು ಮಾತು. 1965ರಲ್ಲಿ ಕಟ್ಟಿದ ಆ ಕಾಲುಸೇತುವೆ ಸುಮಾರು 300 ಮೀಟರ್ ಉದ್ದ, ಕೊನೆಯ ಭಾಗ ಚೆನ್ನಾಗಿಯೇ ಏರು. ನಮ್ಮ ಬಸ್ ಅಲ್ಲಿಗೆ ಹೋಗುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ ಹೋಗುವುದಿಲ್ಲ. ಆದರೆ ಈಗ ಅವಸರ ಇಲ್ಲ. ಕಂಬಿ ಹಿಡಿದು ನಿಂತು ನಿಂತು ಹತ್ತಿ, ನಮ್ಮ ಹುಡುಗ ಕೊನೆಯವರ ಜೊತೆಗೇ ಬರುತ್ತಾನೆ. ಹತ್ತಲು ಮನಸ್ಸಿಲ್ಲದ ಅಮ್ಮಂದಿರು ಈಚೆ ದಂಡೆಯ ಕಟ್ಟೆಯಲ್ಲಿ ಕೂತೇ ಪೂರ್ತಿ ಊರು ನೋಡಬಹುದು.

ಮುಂಗಡ ಕೊಟ್ಟಿರುವವರಿಗೆ ಹಳೇ ದರವೇ, ವ್ಯತ್ಯಾಸ ನಾವು ಭರಿಸುತ್ತೇವೆ. ಬೇಡವಾದವರಿಗೆ ಈ ತಿಂಗಳ ಕೊನೆಯೊಳಗೆ ಹೇಳಿದರೆ ಪೂರ್ತಿ ದುಡ್ಡು ವಾಪಸ್, ವೀಸಾ ಶುಲ್ಕ ಕಟ್ಟಿದ್ದರೆ ಅದೊಂದು ಬಿಟ್ಟು. ಬೆಳ್ಳುಳ್ಳಿ ತಿನ್ನದವರು ಹೆಸರು ಈಗಲೇ ಬರೆಸಿ, ಅಲ್ಲಿ ಹೋಗಿ ಹೇಳಿದರೆ ತಡವಾಗುತ್ತದೆ.

ನಿಮ್ಮ ಟೂರ್ ಬಳಗ,
ಬಸವನಗುಡಿ